ಗೊಬ್ಬರದ ಕಪಾಟಿನಲ್ಲಿ ಸಿಕ್ಕ ಮಲ್ಲಿಗೆ

ಕಾಲೇಜು ಲೈಬ್ರರಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಕೊಟ್ಟೂರಿನ ನನ್ನ ಮನೆಗೆ ಆಗಾಗ ಬರುತ್ತಾರೆ. ಚಹಾ ಕೊಟ್ಟು ನಾನು ಮೊದಲು ಕೇಳುವುದು, “ಚೌಕಾಸಿ ಮಾಡಾಕ ಬರ್ತತೇನಪ್ಪಾ?” ಎಂದು. ಅವರು ನಗುತ್ತಾರೆ. ನಾನು ನಗುವುದಿಲ್ಲ. ಲೈಬ್ರರಿ ನಡೆಸುವವನಿಗೆ ಪುಸ್ತಕದ ಮೇಲೆ ಪ್ರೀತಿ ಇರಬೇಕು ಎಂದು ಎಲ್ಲರೂ ಹೇಳಿಕೊಟ್ಟಿರುತ್ತಾರೆ. ಇರಲಿ, ಬೇಡ ಎನ್ನುವುದಿಲ್ಲ. ಆದರೆ ಬಾಯಿಬಿಟ್ಟು ಕೇಳಲು ನಾಚುವವನ ಪ್ರೀತಿಯಿಂದ ಕಪಾಟು ತುಂಬುವುದಿಲ್ಲ.

ನಾನು ಉಜ್ಜಿನಿಯವನು. ಕೊಟ್ಟೂರು ಬಸ್ ಸ್ಟ್ಯಾಂಡಿನ ಎದುರು ಗೋಣಿಚೀಲ ಹಾಸಿ ಹಳೆಯ ಪಠ್ಯಪುಸ್ತಕ ಮಾರಿಕೊಂಡು ಓದಿದವನು. ಪಾಸಾದ ಹುಡುಗನಿಂದ ಕೊಳ್ಳುವುದು, ಹೊಸದಾಗಿ ಸೇರುವ ಹುಡುಗನಿಗೆ ಮಾರುವುದು. ನಡುವೆ ಪುಸ್ತಕ ನನ್ನ ಹತ್ತಿರ ಇರುವಷ್ಟು ದಿನ ನನ್ನ ಓದೂ ಆಗುತ್ತಿತ್ತು. ಅಲ್ಲಿಂದ ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನ ಲೈಬ್ರರಿಗೆ ಪುಸ್ತಕ ಎತ್ತಿಡುವ ಕೆಲಸಕ್ಕೆ ಹೋದೆ. ಅಂಚೆಯ ಮೂಲಕ ಪರೀಕ್ಷೆ ಕಟ್ಟಿ ಅದೇ ಲೈಬ್ರರಿಯ ಕುರ್ಚಿಯಲ್ಲಿ ಕೂತೆ. ಯಾವ ವರ್ಷ ಯಾವ ದರ್ಜೆ ಸಿಕ್ಕಿತು ಎಂಬುದು ಪೆನ್ಷನ್ ಕಚೇರಿಯವರಿಗೆ ಬೇಕಾದ ಸಂಗತಿ. ನಿಮಗೆ ಬೇಕಾದದ್ದು ಬೇರೆ.

ತೊಂಬತ್ತರ ದಶಕದಲ್ಲಿ ನಮ್ಮ ವರ್ಷ ಶುರುವಾಗುತ್ತಿದ್ದದ್ದು ಮಾರ್ಚಿನಲ್ಲಿ. ಬಂದ ಅನುದಾನವನ್ನು ಆ ತಿಂಗಳೊಳಗೆ ಮುಗಿಸಬೇಕು, ಇಲ್ಲದಿದ್ದರೆ ವಾಪಸ್ಸು ಹೋಗುತ್ತದೆ. ಹರಪನಹಳ್ಳಿಯ ಪುಸ್ತಕ ವ್ಯಾಪಾರಿಯೊಬ್ಬ ವ್ಯಾನು ತುಂಬ ಗಂಟು ತಂದು ನಮ್ಮ ಬಾಗಿಲಿಗೆ ನಿಲ್ಲಿಸುತ್ತಿದ್ದ. ಮೇಲಿನ ನಾಲ್ಕು ಪುಸ್ತಕ ಹೊಸವು, ಕೆಳಗಿನವು ಅವನ ಗೋಡೌನಿನಲ್ಲಿ ಮಾರದೆ ಉಳಿದವು. ನಾನು ಗಂಟನ್ನು ಬುಡಮೇಲು ಮಾಡಿಯೇ ಬಿಚ್ಚುತ್ತಿದ್ದೆ. ಪುಸ್ತಕವನ್ನೂ ಹಿಂದಿನಿಂದ ತೆರೆಯುತ್ತಿದ್ದೆ. ಕೊನೆಯ ಪುಟಗಳಲ್ಲಿ ಯಾವ ವಿಷಯ ಎಲ್ಲಿದೆ ಎಂಬ ಪದಸೂಚಿ ಇದ್ದರೆ ಆ ಪುಸ್ತಕಕ್ಕೆ ಮರ್ಯಾದೆ. ಇಲ್ಲದಿದ್ದರೆ ಅದು ಬಾಗಿಲಿಲ್ಲದ ಮನೆ. ಒಳಗೆ ಏನಿದ್ದರೂ ನಮ್ಮ ಹುಡುಗರಿಗೆ ಸಿಗುವುದಿಲ್ಲ. ಈ ಬುದ್ಧಿ ಇವತ್ತಿಗೂ ಇಟ್ಟುಕೊಳ್ಳಿ.

ಇಷ್ಟು ಜಾಣನಾದ ನಾನೂ ಒಂದು ಸಲ ಮುಗ್ಗರಿಸಿದೆ. ವಿಪರೀತ ರಿಯಾಯಿತಿ ಬಂತೆಂದು ವಿಶ್ವಕೋಶದ ಇಡೀ ಸೆಟ್ಟು ಎತ್ತಿ ಒಳಗಿಟ್ಟೆ. ಮಳೆಗಾಲದಲ್ಲಿ ನೋಡಿದರೆ ಒಂದೇ ಸಂಪುಟ ಎರಡು ಸಲ ಬಂದಿದೆ, ಅದರ ಮುಂದಿನದು, ಹಾವಿನ ವಿಷಯ ಇರಬೇಕಾದದ್ದು, ಇಲ್ಲವೇ ಇಲ್ಲ. ಪ್ರಿನ್ಸಿಪಾಲರಾದ ಕೊಟ್ರಯ್ಯನವರಿಗೆ ತಿಳಿಯಿತು. ಎತ್ತರದ ಆಳು, ಗಣಿತದ ಮೇಷ್ಟ್ರು, ಬೈಯುವಾಗ ಸ್ವರ ಏರಿಸುತ್ತಿರಲಿಲ್ಲ. “ಸಿದ್ದಣ್ಣ, ನಮ್ಮ ಕಾಲೇಜಿನಾಗ ಹುಲಿ, ಸಿಂಹ ಎರಡೂ ಅದಾವು, ಆದ್ರ ಹಾವು ಇಲ್ಲ ಅಂತ ಹುಡುಗರಿಗೆ ಹೇಳಿಬಿಡು,” ಎಂದರು. ನಾಗರಪಂಚಮಿ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಅದೇ ನಗೆ.

ಆಗ ಹುಡುಕುವುದು ಎಂದರೆ ಎದ್ದು ಹೋಗುವುದು. ನಮ್ಮಲ್ಲಿ ಕಾರ್ಡುಗಳ ಒಂದು ಕಪಾಟಿತ್ತು. ಕೂಡ್ಲಿಗಿಯ ಬಡಗಿ ಮಾಡಿದ್ದು. ಸಣ್ಣ ಸಣ್ಣ ಖಾನೆಗಳು, ಮಳೆ ಹಿಡಿದರೆ ಉಬ್ಬಿಕೊಂಡು ಹೊರಗೆ ಬರುತ್ತಿರಲಿಲ್ಲ. ಪ್ರತಿ ಪುಸ್ತಕಕ್ಕೂ ನನ್ನ ಕೈಬರಹದ ಕಾರ್ಡು. ಕೆಲವು ಕಾರ್ಡುಗಳಿಗೆ ಪುಸ್ತಕವೇ ಇಲ್ಲ. ‘ಬರಗಾಲ: ನೀರಾವರಿ ಎಂಬುದನ್ನೂ ನೋಡಿ’ ಎಂದು ದಾರಿ ತೋರಿಸುವುದಷ್ಟೇ ಅವುಗಳ ಕೆಲಸ. ಆ ದಾರಿ ತೋರಿಸುವ ಕಾರ್ಡು ಬರೆಯುವಾಗ ನನಗಾಗುತ್ತಿದ್ದ ಖುಷಿ ಯಾವ ಸನ್ಮಾನದಲ್ಲೂ ಆಗಲಿಲ್ಲ.

ನಮ್ಮ ಲೈಬ್ರರಿಯಲ್ಲಿ ಇಲ್ಲದ ಲೇಖನ ಬೇಕೆಂದರೆ ಧಾರವಾಡದ ಕಡೆಗೋ ಬೆಂಗಳೂರಿನ ಕಡೆಗೋ ಬರೆದು ಕಾಯಬೇಕು. ನಾನೊಂದು ಉಪಾಯ ಮಾಡಿಕೊಂಡಿದ್ದೆ. ಕಾಲೇಜಿನ ಯಾರ ಮನೆಯಲ್ಲಾದರೂ ಧಾರವಾಡಕ್ಕೆ ಮದುವೆಗೆ ಹೊರಟರೆ ಅವರ ಕೈಗೆ ಬೇಕಾದ ಲೇಖನಗಳ ಚೀಟಿ ಕೊಡುತ್ತಿದ್ದೆ. ಅಕ್ಕಿಕಾಳು ಬಿದ್ದ ಮೇಲೆ, ಊಟಕ್ಕೆ ಮೊದಲು, ಮದುಮಗನ ಸೋದರಮಾವ ರೇಷ್ಮೆ ಶರ್ಟು ಹಾಕಿಕೊಂಡು ಲೈಬ್ರರಿಗೆ ಹೋಗಿ ಝೆರಾಕ್ಸ್ ಮಾಡಿಸಿಕೊಂಡು ಬರುತ್ತಿದ್ದ. ಎಷ್ಟೋ ಲೇಖನಗಳಿಗೆ ಲಾಡುವಿನ ಎಣ್ಣೆ ಅಂಟಿರುತ್ತಿತ್ತು. ಇಸವಿ ಎರಡು ಸಾವಿರ ದಾಟುವವರೆಗೂ ನಮ್ಮ ಸಂಶೋಧನೆ ಲಗ್ನದ ಮುಹೂರ್ತ ನೋಡಿಕೊಂಡೇ ನಡೆಯಿತು.

ಆಮೇಲೆ ಕಂಪ್ಯೂಟರ್ ಬಂತು. ಮೊದಲ ವರ್ಷ ಅದಕ್ಕೆ ಹಳದಿ ಬಟ್ಟೆ ಹೊದಿಸಿ, ಪೂಜೆ ಮಾಡಿ, ಬೀಗ ಹಾಕಿದರು. ಬಳಸಿದರೆ ಸವೆಯುತ್ತದೆ ಎಂಬ ಲೆಕ್ಕ. ಇಂಟರ್ನೆಟ್ ಬಂದಾಗ ಬೀಗ ತೆಗೆದರು, ಆದರೆ ಇದ್ದದ್ದು ಒಂದೇ ಫೋನ್ ಲೈನು, ಅದೂ ಪ್ರಿನ್ಸಿಪಾಲರ ಕೋಣೆಯದು. ನಾವು ಲೈಬ್ರರಿಯಲ್ಲಿ ಇಂಟರ್ನೆಟ್ ಹಚ್ಚಿದರೆ ಅವರ ಫೋನು ಸತ್ತಂತೆ. ಹೀಗಾಗಿ ಕೊಟ್ರಯ್ಯನವರು ಬಾಗಿಲಿಗೆ ಬಂದು ನಿಂತು, “ಮುಗೀತೇನ್ರೀ? ನಮ್ಮ ಬೀಗರು ಫೋನ್ ಮಾಡೋರದಾರ,” ಎನ್ನುತ್ತಿದ್ದರು.

ಇಂಥ ದಿನಗಳಲ್ಲಿ ನಾಗರತ್ನ ಮೇಡಂ ನನ್ನ ಟೇಬಲ್ಲಿನ ಮುಂದೆ ಬಂದು ಕೂತರು. ಸಸ್ಯಶಾಸ್ತ್ರ ಕಲಿಸುತ್ತಿದ್ದ ಲೆಕ್ಚರರ್. ಹಿರೇಹಡಗಲಿಯ ಹತ್ತಿರದ ಹಳ್ಳಿಯವರು. ತಂದೆಯದು ಮಲ್ಲಿಗೆ ತೋಟ. ಅವರ ಪಿಎಚ್.ಡಿ. ಸಂಶೋಧನೆಯ ವಿಷಯವೂ ಆ ತೋಟದಲ್ಲೇ ಹುಟ್ಟಿದ್ದು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ತರುಬುವುದು ಗೊತ್ತಲ್ಲ? ಹಿಂಡನ್ನು ಒಂದಷ್ಟು ದಿನ ಹೊಲದಲ್ಲೇ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರವಾಗುತ್ತದೆ. ಅವರ ತಂದೆಯ ಊರಿನಲ್ಲಿ ಗಿಡ ಸವರಿದ ಮಲ್ಲಿಗೆ ತೋಟಕ್ಕೂ ಕುರಿ ಬಿಡುತ್ತಿದ್ದರು. ಕುರಿ ಉದುರಿದ ಎಲೆಯನ್ನೆಲ್ಲ ತಿಂದು ನೆಲ ಚೊಕ್ಕ ಮಾಡುತ್ತಿತ್ತು. ಹಾಗೆ ಮಾಡಿದ ತೋಟಕ್ಕೆ ಎಲೆಚುಕ್ಕಿ ರೋಗ ಕಡಿಮೆಯೇ, ಹೂವು ಹೆಚ್ಚೇ ಎಂಬುದು ಮೇಡಂ ಅವರ ಪ್ರಶ್ನೆ. ಒಂದು ಹಂಗಾಮಿನ ಲೆಕ್ಕ ತೆಗೆದೂ ಆಗಿತ್ತು.

ಆ ದಿನ ಅವರ ಮುಖ ಬಾಡಿತ್ತು. “ಸರ್, ನಮ್ಮ ಗೈಡು ಒಂದು ಬಾಂಬ್ ಹಾಕ್ಯಾರ್ರೀ. ಈ ಕೆಲಸ ಹಿಂದ ಯಾರೋ ಮಾಡ್ಯಾರ, ನಾ ಎಲ್ಲೋ ಕೇಳೀನಿ ಅಂತಾರ. ಮಾಡಿದ್ದು ಖರೆ ಆದ್ರ ನಿನ್ನ ವಿಷಯ ಸತ್ತಂಗ, ರಿಜಿಸ್ಟ್ರೇಷನ್ ರದ್ದು. ಮಾಡಿಲ್ಲ ಅಂದ್ರ ಎಲ್ಲಾ ಕಡಿ ಹುಡುಕೀನಿ ಅಂತ ತೋರಸು ಅಂತಾರ. ಜನವರಿಗೆ ಕಮಿಟಿ ಕೂಡ್ತತಿ.”

“ಯಾರು ಮಾಡ್ಯಾರ, ಯಾವಾಗ ಮಾಡ್ಯಾರ, ಏನರ ಹೇಳ್ಯಾರೇನು?”

“ಏನೂ ನೆನಪಿಲ್ಲಂತ.”

ರದ್ದಾದರೆ ಮತ್ತೊಬ್ಬ ಗೈಡನ್ನು ಹುಡುಕುವ ಮಾತಿರಲಿಲ್ಲ. ಆ ವಿಶ್ವವಿದ್ಯಾಲಯದಲ್ಲಿ ಈ ವಿಷಯ ತಿಳಿದವರು ಅವರೊಬ್ಬರೇ, ಅವರನ್ನು ಒಪ್ಪಿಸಲಿಕ್ಕೇ ಮೇಡಂ ಎರಡು ವರ್ಷ ಓಡಾಡಿದ್ದರು. ಮನೆಯಲ್ಲಿ ಸಣ್ಣ ಮಗಳು. ಬೆಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಲೈಬ್ರರಿಯಲ್ಲಿ ಕೂರುವಂತಿರಲಿಲ್ಲ.

ಇಂಟರ್ನೆಟ್ಟಿನಲ್ಲಿ ಎಲ್ಲರೂ ಹುಡುಕುವ ಜಾಗದಲ್ಲೇ ನಾವೂ ಮೊದಲು ಹುಡುಕಿದೆವು. ಮಲ್ಲಿಗೆಯ ಇಂಗ್ಲಿಷ್ ಹೆಸರು ಹೊಡೆದರೆ ಮೊದಲು ಬಂದದ್ದು ಆ ಹೆಸರಿನ ಅಕ್ಕಿ. ಆಮೇಲೆ ಚಹಾಪುಡಿ, ಶಾಂಪೂ, ಯಾವುದೋ ದೇಶದ ಹೋಟೆಲು, ಆಮೇಲೆ ಆ ಹೆಸರಿನ ಹುಡುಗಿಯರು. ಹಿಂದೆ ನಿಂತಿದ್ದ ಕೊಟ್ರಯ್ಯನವರು ಕನ್ನಡಕ ಸರಿಮಾಡಿಕೊಂಡರು.

“ಸಿದ್ದಣ್ಣ, ಇದು ಸಂಶೋಧನೇನೋ, ಹೆಣ್ಣು ನೋಡೋದೋ?”

“ಸರ್, ಕುರಿ ಸೇರಿಸಿ ಹುಡುಕ್ತೀವಿ.”

ಕುರಿ ಸೇರಿಸಿದೆವು. ಮಲ್ಲಿಗೆ ಪರಿಮಳದ ಕುರಿಮಾಂಸದ ಅಡುಗೆ ಬಂತು. ಮೇಡಂ ತಲೆ ಕೆಳಗೆ ಹಾಕಿದರು. ನನಗೆ ಹರಪನಹಳ್ಳಿ ವ್ಯಾಪಾರಿಯ ಗಂಟು ಕಂಡಂತಾಯಿತು; ಯಾವುದು ಬೇಗ ಮಾರುತ್ತದೋ ಅದು ಮೇಲೆ. ನಮಗೆ ಬೇಕಾದದ್ದು ತಳದಲ್ಲಿ ಎಲ್ಲೋ ಇರಬಹುದು. ಆದರೆ ಈ ಗಂಟನ್ನು ಬುಡಮೇಲು ಮಾಡುವುದು ಹೇಗೆ?

ಹಾದಿ ತಾನಾಗಿಯೇ ಮನೆ ಬಾಗಿಲಿಗೆ ಬಂತು. ಬೆಂಗಳೂರಿನ ಯಾವುದೋ ಕಂಪನಿಯ ಸೇಲ್ಸ್‌ಮನ್ ಒಬ್ಬ ಟೈ ಕಟ್ಟಿಕೊಂಡು, ಬೆವರು ಒರೆಸಿಕೊಳ್ಳುತ್ತ ಲೈಬ್ರರಿಗೆ ಬಂದ. ಕೃಷಿ ಮತ್ತು ಸಸ್ಯಶಾಸ್ತ್ರದ ಸಂಶೋಧನಾ ಲೇಖನಗಳನ್ನು ಮಾತ್ರ ಹುಡುಕುವ ಜಾಲತಾಣವೊಂದಿದೆ, ವರ್ಷಕ್ಕೆ ಇಷ್ಟು ಕೊಟ್ಟರೆ ಬಾಗಿಲು ತೆರೆಯುತ್ತದೆ ಎಂದ. ಅವನು ಹೇಳಿದ ದುಡ್ಡಿಗೆ ನಮ್ಮ ಕಾಲೇಜಿಗೆ ಇನ್ನೊಂದು ಕೋಣೆ ಕಟ್ಟಿಸಬಹುದಿತ್ತು. ಕೊಳ್ಳುವ ಮಾತು ದೂರ. ಆದರೆ ಕೊಳ್ಳುವುದಿಲ್ಲ ಎಂದು ಮೊದಲೇ ಹೇಳುವವನು ವ್ಯಾಪಾರಕ್ಕೆ ನಾಲಾಯಕ್ಕು. ಅವನಿಗೆ ಮಂಡಕ್ಕಿ ಮೆಣಸಿನಕಾಯಿ ತರಿಸಿದೆ.

“ಒಂದು ವಾರ ಫ್ರೀ ಟ್ರಯಲ್ ಕೊಡ್ತೀವಿ ಸರ್,” ಎಂದ.

“ಯಾವ ವಾರ?”

“ಇವತ್ತಿಂದ ಏಳು ದಿನ.”

“ಮ್ಯಾಲ ನೋಡ್ರಿ.” ಅವನು ನೋಡಿದ. ಫ್ಯಾನು ನಿಂತಿತ್ತು. “ಕರೆಂಟ್ ಇಲ್ಲ. ಹಂಗಾದ್ರ ಇವತ್ತು ನಿಮ್ಮ ಅಂಗಡಿ ನನಗ ತೆರೆದೈತೇನು?”

“ಅದು... ನಮ್ಮ ತಪ್ಪಲ್ವಲ್ಲ ಸರ್.”

“ನಂದೂ ಅಲ್ಲ. ಕರೆಂಟೂ ಇದ್ದು, ಫೋನ್ ಲೈನೂ ಇದ್ದು, ಪ್ರಿನ್ಸಿಪಾಲರ ಬೀಗರು ಫೋನ್ ಮಾಡದ ಏಳು ದಿನ ಕೊಡ್ರಿ. ಅಂಥ ದಿನ ಬಂದಂಗ ಬಂದಂಗ ನಾ ಎಣಿಸ್ಕೋತೀನಿ.”

ಅವನು ಮೆಣಸಿನಕಾಯಿ ಖಾರಕ್ಕೋ ನಗುವಿಗೋ ಕಣ್ಣು ಒರೆಸಿಕೊಂಡ. ಅಂತೂ ಒಂದು ತಿಂಗಳು ಕೊಟ್ಟುಹೋದ. ನೋಡಿ, ಇದನ್ನೇ ನಾನು ಹೇಳುವುದು. ಟ್ರಯಲ್ ಎಷ್ಟು ದಿನ ಎಂದು ಕಂಪನಿಯವರು ಹೇಳುವುದು ಅವರ ಬೋಣಿ ಮಾತು. ಅದನ್ನೇ ಕಟ್ಟಳೆ ಎಂದುಕೊಂಡು ಸಹಿ ಹಾಕಬೇಡಿ.

ಆ ತಿಂಗಳು ನಮ್ಮ ಲೈಬ್ರರಿ ಸಂತೆಯಾಯಿತು. ಕೂಡ್ಲಿಗಿ, ಕೊಟ್ಟೂರು, ಹಡಗಲಿಯ ಕಾಲೇಜುಗಳಿಗೆಲ್ಲ ಹೇಳಿ ಕಳಿಸಿದ್ದೆ. ಶೇಂಗಾ ರೋಗದವರು, ಮೆಕ್ಕೆಜೋಳದವರು, ಕೆರೆ ಮೀನಿನವರು ಡಬ್ಬಿ ಕಟ್ಟಿಕೊಂಡು ಬಂದು ಸರದಿ ಹಿಡಿದು ಕೂರುತ್ತಿದ್ದರು. ಮೊದಲ ದಿನ ಆ ತಾಣ ತೆರೆದಾಗ ನನಗಾದದ್ದನ್ನು ಹೇಗೆ ಹೇಳಲಿ? ಅಕ್ಕಿಯಿಲ್ಲ, ಶಾಂಪೂ ಇಲ್ಲ. ಪ್ರತಿ ಲೇಖನದ ಕೆಳಗೂ ಅದು ಯಾವ ಬೆಳೆ, ಯಾವ ರೋಗ, ಯಾವ ಸೀಮೆ ಎಂಬ ತಲೆಬರಹಗಳು. ಒಂದನ್ನು ಒತ್ತಿದರೆ ‘ಇದನ್ನೂ ನೋಡಿ’ ಎಂದು ಇನ್ನೊಂದು. ಇದು ಯಂತ್ರ ತನ್ನಷ್ಟಕ್ಕೆ ಗುಡ್ಡೆ ಹಾಕಿದ್ದಲ್ಲ. ಎಲ್ಲೋ ನನ್ನಂಥವನೊಬ್ಬ ಕೂತು, ಓದಿ, ಇದಕ್ಕೆ ಯಾವ ಖಾನೆ ಎಂದು ಯೋಚಿಸಿ ಬರೆದದ್ದು. ಕೂಡ್ಲಿಗಿ ಬಡಗಿಯ ಕಪಾಟನ್ನು ಯಾರೋ ಲೋಕದಷ್ಟು ದೊಡ್ಡದು ಮಾಡಿದ್ದರು, ಮತ್ತೆ ಇದರ ಖಾನೆಗಳು ಮಳೆಗೆ ಉಬ್ಬುತ್ತಿರಲಿಲ್ಲ.

ನಾಗರತ್ನ ಮೇಡಂ ಮಲ್ಲಿಗೆಯ ಲ್ಯಾಟಿನ್ ಹೆಸರು ಹಾಕಿ ರೋಗದ ತಲೆಬರಹದಲ್ಲಿ ಹುಡುಕಿದರು. ಮಲ್ಲಿಗೆಯ ರೋಗದ ಮೇಲೆ ಬೇಕಾದಷ್ಟು ಇದ್ದವು. ಕುರಿಯ ಸುದ್ದಿ ಎಲ್ಲೂ ಇರಲಿಲ್ಲ. ಮೇಯಿಸುವುದು ಎಂಬ ತಲೆಬರಹದಲ್ಲಿ ಹುಡುಕಿದರು; ಅಲ್ಲಿ ಕುರಿ ಇದ್ದವು, ಮಲ್ಲಿಗೆ ಇರಲಿಲ್ಲ. ದಿನಗಳು ಹೋದವು. ಅವರ ಮುಖ ತಿಳಿಯಾಗುತ್ತ ಬಂತು. “ಸರ್, ಯಾರೂ ಮಾಡಿಲ್ಲ ಅನಸ್ತತ್ರೀ. ಗೈಡಿಗೆ ಹಂಗ ಬರೆದುಬಿಡ್ಲೇನು?”

“ನಿಲ್ರಿ. ನೀವು ನಿಮ್ಮ ಪ್ರಶ್ನೆ ಹಿಡ್ಕೊಂಡು ಹುಡುಕಾಕತ್ತೀರಿ. ಕಾರ್ಡ್ ಬರೆದಾವ ನಿಮ್ಮನ್ನ ಕೇಳಿ ಬರೆದಾನೇನು? ನಿಮ್ಮ ತೋಟಕ್ಕ ಕುರಿ ಯಾಕ ಬಿಡ್ತಾರಂತ ದಾರ್ಯಾಗ ಹೋಗೋ ಮನುಷ್ಯಾನ್ನ ಕೇಳಿದ್ರ ಏನಂತಾನ?”

ಮೇಡಂ ಪರದೆಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಅಂದರು: “ಗೊಬ್ಬರಕ್ಕ ಅಂತಾನ.”

ಗೊಬ್ಬರದ ತಲೆಬರಹ ತೆರೆದರು. ಸೆಗಣಿ, ಎರೆಹುಳು, ಕೆರೆಯ ಹೂಳು ಎಲ್ಲ ದಾಟಿ, ಹೊಲದಲ್ಲಿ ಹಿಂಡು ನಿಲ್ಲಿಸುವುದು ಎಂಬ ಖಾನೆ. ಅದರೊಳಗೆ ಒಂದೇ ಒಂದು ಮಲ್ಲಿಗೆಯ ಲೇಖನ. ‘ಕುರಿ ತರುಬಿದ ಮಲ್ಲಿಗೆ ತೋಟಗಳಲ್ಲಿ ಹೂವಿನ ಇಳುವರಿ’ ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆ. ಸೀಮೆ ನಮ್ಮದೇ. ಲೇಖಕ ಕನ್ನಡದ ಹೆಸರಿನವರು. ಅಚ್ಚಾಗಿ ಬಹಳ ವರ್ಷವಾಗಿತ್ತು, ಹೊರದೇಶದ ಪತ್ರಿಕೆಯಲ್ಲಿ. ಕೆಳಗೆ ನಾಲ್ಕು ಸಾಲಿನ ಸಾರಾಂಶ: ಕುರಿ ತರುಬಿದರೆ ಹೂವು ಹೆಚ್ಚಾಗುತ್ತದೆ. ಪೂರ್ತಿ ಲೇಖನ ಬೇಕಾದರೆ ಡಾಲರ್ ಕಟ್ಟಬೇಕು.

ಮೇಡಂ ಕಣ್ಣಲ್ಲಿ ನೀರು ಬಂತು. “ಆತಲ್ಲ ಸರ್. ಮುಗೀತು.”

ಸಾಮಾನು ನೋಡದೆ ಸೋತೆವು ಎನ್ನುವುದು ನನ್ನ ಜಾಯಮಾನವಲ್ಲ. “ಬರೇ ಮೇಲಿನ ಚೀಟಿ ನೋಡಿ ಅಳಾಕತ್ತೀರಿ. ಗಂಟು ಬಿಚ್ಚೋಣು,” ಎಂದು, ಆ ಪತ್ರಿಕೆಯ ಕಚೇರಿಗೆ ಇ-ಮೇಲ್ ಬರೆಯಲು ಕೂತೆ. ನನ್ನ ಇಂಗ್ಲಿಷಿನಲ್ಲಿ ಬರೆದದ್ದು ಹೀಗೆ: ನಾವು ಹಳ್ಳಿ ಕಡೆಯ ಕಾಲೇಜು, ನಿಮಗೆ ಹೊಸ ಗಿರಾಕಿ. ಲೇಖನ ಹಳೆಯದು, ಪುಟ ಐದೇ ಇವೆ, ಇಷ್ಟು ವರ್ಷದಲ್ಲಿ ಇದನ್ನು ಬೇರೆ ಯಾರೂ ಕೇಳಿರಲಾರರು. ನಿಮ್ಮ ಕೊನೆಯ ರೇಟು ತಿಳಿಸಿ. ಕೆಳಗೆ ಕಾಲೇಜಿನ ಫೋನ್ ನಂಬರನ್ನೂ ಹಾಕಿದೆ.

ಮೇಡಂ ಅಳುವುದನ್ನು ಬಿಟ್ಟು ಬಾಯಿ ಮೇಲೆ ಕೈ ಇಟ್ಟುಕೊಂಡರು. “ಸರ್, ಹಿಂಗ ಯಾರರ ಕೇಳ್ತಾರೇನ್ರೀ? ಅದೇನ್ ಬದ್ನಿಕಾಯೇನು?”

“ಕೇಳಿದ್ರ ಏನ್ ಗಂಟು ಹೋಗ್ತತಿ? ಒಲ್ಲೆ ಅಂದ್ರ ಅಂದಾರು.”

ಉತ್ತರ ಬರಲಿಲ್ಲ. ಸಂತೆ ನಡೆದೇ ಇತ್ತು. ಬೆಳಗಿನಿಂದ ಸಂಜೆಯವರೆಗೂ ನಮ್ಮ ಇಂಟರ್ನೆಟ್ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಎಲ್ಲರೂ ಅಯ್ಯೋ ಎಂದು ಎದ್ದರು. ಅದೇ ಹೊತ್ತಿಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಕೊಟ್ರಯ್ಯನವರು ಬೀಗರೆಂದುಕೊಂಡು ಎತ್ತಿದರು. ಆಮೇಲೆ ನನ್ನನ್ನು ಕೂಗಿದರು. “ಸಿದ್ದಣ್ಣ, ಬಾ ಇಲ್ಲಿ. ಕೊನೀ ರೇಟು ಕೇಳಿದ ಲೈಬ್ರರಿಯನ್ನು ಬೇಕಂತ.”

ಆ ಕಡೆ ಮುದಿ ದನಿ, ಧಾರವಾಡದ ಮಾತು. “ಏನ್ರೀ ಮಾರಾಯ್ರ, ನಾಲ್ಕು ದಿನದಿಂದ ಹಚ್ಚಾಕತ್ತೀನಿ, ಯಾವಾಗ ನೋಡಿದ್ರೂ ಎಂಗೇಜು! ಏನ್ ಅಷ್ಟು ಮಾತಾಡ್ತೀರಿ?” ಅವರೇ ಆ ಲೇಖನ ಬರೆದ ವಿಜ್ಞಾನಿ. ನಿವೃತ್ತರಾದ ಮೇಲೂ ಆ ಪತ್ರಿಕೆಗೆ ಬಂದ ಲೇಖನಗಳನ್ನು ಓದಿ ಅಭಿಪ್ರಾಯ ಬರೆದುಕೊಡುತ್ತಿದ್ದರಂತೆ. ಪತ್ರಿಕೆಯವರು ನನ್ನ ಚೌಕಾಸಿ ಓದಿ ನಕ್ಕು, ಅದನ್ನು ಅವರಿಗೇ ಕಳಿಸಿಬಿಟ್ಟಿದ್ದರು. “ಇಷ್ಟು ವರ್ಷದಾಗ ಬೇರೆ ಯಾರೂ ಕೇಳಿರಲಾರರು ಅಂತ ಬರದೀರಲ್ಲ, ಹೊಟ್ಟಿ ಉರೀತು. ಖರೇನೂ ಅನಸ್ತು. ಪುಕ್ಕಟೆ ಕಳಸ್ತೀನಿ ತಗೋರಿ.”

ನಾನು ರಿಸೀವರನ್ನು ಮೇಡಂ ಕೈಗೆ ಕೊಟ್ಟೆ. ಅವರು ತಮ್ಮ ವಿಷಯ, ಕಮಿಟಿಯ ವಿಷಯ ಹೇಳಿದರು. ಆಮೇಲೆ ಬಹಳ ಹೊತ್ತು ಹೂಂ ಹೂಂ ಎನ್ನುತ್ತ ಕೇಳಿದರು. ಫೋನಿಟ್ಟ ಮೇಲೆ ನಮಗೆ ತಿಳಿದದ್ದು ಇಷ್ಟು: ಹಿರಿಯರು ಮಾಡಿದ್ದು ಒಂದೇ ಹಂಗಾಮು. ಮರುವರ್ಷ ಮತ್ತೆ ನೋಡಬೇಕೆಂದು ಬಂದರೆ ಕುರಿ ಹಿಂಡು ಆಗಲೇ ಹೊಳೆ ಕಡೆ ದಾಟಿ ಹೋಗಿತ್ತು. ಅದರ ಮುಂದಿನ ವರ್ಷ ಅವರಿಗೆ ಬೇರೆ ಊರಿಗೆ ವರ್ಗ. ಒಂದು ವರ್ಷದ ಲೆಕ್ಕವನ್ನೇ ಅಚ್ಚು ಹಾಕಿಸಿ ಕೈಬಿಟ್ಟಿದ್ದರು.

“ಅವರಿಗೆ ಹೂವು ಹೆಚ್ಚು ಬಂದಾವಂತ್ರಿ ಸರ್,” ಎಂದರು ಮೇಡಂ. “ನನಗ ರೋಗ ಕಡಿಮಿ ಆಗೈತಿ, ಹೂವು ಹೆಚ್ಚಾಗಿಲ್ಲ.”

“ಹಂಗಾದ್ರ ಯಾರದು ಖರೆ?”

“ಗೊತ್ತಿಲ್ರೀ.”

ಲೇಖನ ಅಂಚೆಯಲ್ಲಿ ಬಂತು. ಅದರ ಜೊತೆಗೇ ದೊಡ್ಡ ಯೋಚನೆಯೂ ಬಂತು. ಟ್ರಯಲ್ ಮುಗಿದಿತ್ತು. ಗೊಬ್ಬರದ ಖಾನೆಯಲ್ಲಿ ಕೂತಿದ್ದ ಆ ಲೇಖನ ಗೈಡಿಗೆ ಗೊತ್ತಿಲ್ಲ, ಕಮಿಟಿಗೆ ಗೊತ್ತಿಲ್ಲ. ಮೇಡಂ ಒಂದು ದಿನ ಬಂದು ಬಾಗಿಲು ಮುಂದೆ ಮಾಡಿ ಕೂತರು. “ಸರ್, ತೋರಿಸಲಿಲ್ಲ ಅಂದ್ರ ಯಾರಿಗೂ ತಿಳಿಯಾಂಗಿಲ್ಲ. ತೋರಿಸಿದ್ರ ಶೀರ್ಷಿಕೆ ನೋಡಿದ ಕೂಡಲೇ ಇದು ಆಗಿಹೋದ ಕೆಲಸ ಅಂತಾರ. ನನಗ ಮಗಳದಾಳ, ಮನ್ಯಾಗ ಎಲ್ಲರೂ ಸಾಕು ಮಾಡು ಅನ್ನಾಕತ್ತಾರ.”

ಗಿಲೀಟು ಮಾತು ನನಗೆ ಬರುವುದಿಲ್ಲ. ಸತ್ಯ, ಧರ್ಮ ಎಂದು ಹೇಳಲಿಲ್ಲ. ನನಗೆ ತಿಳಿದ ವ್ಯಾಪಾರ ಹೇಳಿದೆ. “ಮೇಡಂ, ಗೋಣಿಚೀಲದ ಮೇಲೆ ಪುಸ್ತಕ ಮಾರೋವಾಗ ಹರಿದ ಹಾಳಿ ನಾನಾಗಿ ತೆಗೆದು ತೋರಸ್ತಿದ್ದೆ. ಗಿರಾಕಿ ತಾನಾಗಿ ಕಂಡುಹಿಡಿದ್ರ ಇಡೀ ಪುಸ್ತಕನ ಎಸೀತಾನ. ನಾನು ತೋರಿಸಿದ್ರ ರೇಟು ಇಳಿಸ್ತಾನ, ಅಷ್ಟ. ನೀವು ಇದನ್ನ ಮೊದಲನೇ ಪುಟಕ್ಕ ಇಡ್ರಿ. ಅವರು ಎಷ್ಟು ಇಳಿಸ್ತಾರ ಇಳಿಸಲಿ. ನೀವು ಆಗಿಹೋದ ಕೆಲಸ ಮಾರಾಕತ್ತಿಲ್ಲ. ಅವರು ಬಿಟ್ಟುಹೋದ ಕೆಲಸ ಮಾರಾಕತ್ತೀರಿ.”

ಅವರು ಲೇಖನವನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು.

ಜನವರಿಯಲ್ಲಿ ಕಮಿಟಿ ಕೂಡಿದ ದಿನ ನಾನೂ ಜೊತೆಗೆ ಹೋದೆ. ನಸುಕಿನ ಬಸ್ಸು. ವಿಶ್ವವಿದ್ಯಾಲಯದ ಲೈಬ್ರರಿ ತನ್ನಲ್ಲಿ ಹೆಚ್ಚಾದ ಪ್ರತಿಗಳನ್ನು ವಿಲೇವಾರಿ ಮಾಡುತ್ತದೆಂದು ಕೇಳಿದ್ದೆ, ನನಗೆ ಅದೊಂದು ಕೆಲಸ. ಬಸ್ಸಿನಲ್ಲಿ ಮೇಡಂ ಕಿಟಕಿ ನೋಡುತ್ತ ಕೂತಿದ್ದರು. ಆ ಲೇಖನ ಫೈಲಿನಲ್ಲಿ ಎಲ್ಲಿದೆ ಎಂದು ನಾನು ಕೇಳಲಿಲ್ಲ.

ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಜವಾನ ಬಂದು, “ಲೈಬ್ರರಿಯನ್ನು ನೀವಾ? ಒಳಗ ಕರೀತಾರ,” ಎಂದ. ಒಳಗೆ ಮೂವರು ಪ್ರೊಫೆಸರುಗಳು. ನಡುವೆ ಟೇಬಲ್ಲಿನ ಮೇಲೆ ಆ ಲೇಖನ, ಎಲ್ಲ ಕಾಗದಕ್ಕಿಂತ ಮೇಲೆ. ಗೈಡು ಅದನ್ನು ಕೈಯಲ್ಲೆತ್ತಿ, “ಇದು ನಾನು ಹುಡುಗನಾಗಿದ್ದಾಗ ಕೇಳಿದ್ದೇ ನೋಡ್ರಿ. ನನಗ ಇಷ್ಟು ದಿನ ಸಿಕ್ಕಿರಲಿಲ್ಲ. ಎಲ್ಲಿ ತೆಗೆದ್ರಿ?” ಎಂದರು.

“ಗೊಬ್ಬರದಾಗ ಸಿಕ್ತು ಸರ್,” ಎಂದೆ. ಖಾನೆಗಳ ಕಥೆ ಹೇಳಿದೆ. ಅವರು ಬರೆದುಕೊಂಡರು.

ಪಕ್ಕದ ಪ್ರೊಫೆಸರರಿಗೆ ಆ ಕಥೆ ಬೇಕಿರಲಿಲ್ಲ. “ಹುಡುಕಿದ್ದು ಛಲೋ ಆತು. ಆದರೆ ಕೆಲಸ ಆಗಿಹೋಗೈತಲ್ಲ? ಇಳುವರಿ ಹೆಚ್ಚಾಗ್ತತಿ ಅಂತ ಅವರು ಬರದುಬಿಟ್ಟಾರ. ಇನ್ನೇನು ಉಳೀತು? ರದ್ದು ಮಾಡೋದಷ್ಟ.”

ನಾಗರತ್ನ ಮೇಡಂ ಎದ್ದು ನಿಂತರು. ತರಗತಿಯಲ್ಲಿ ಪಾಠ ಹೇಳುವ ದನಿ ಅವರದಾಗಿರಲಿಲ್ಲ ಆಗ; ತಂದೆಯ ತೋಟದಲ್ಲಿ ನಿಂತು ಮಾತಾಡುವ ದನಿ. “ಸರ್, ಒಂದು ವರ್ಷ ಅವರು ಮಾಡ್ಯಾರ. ಒಂದು ವರ್ಷ ನಾ ಮಾಡೀನಿ. ಅದೇ ಸೀಮಿ, ಅದೇ ಹೂವು, ಅಂಥವೇ ಕುರಿ. ಅವರಿಗೊಂದು ಉತ್ತರ ಬಂದೈತಿ, ನನಗೊಂದು ಬಂದೈತಿ. ಇಬ್ಬರೂ ಸುಳ್ಳು ಹೇಳಿಲ್ಲ. ಮತ್ತೆ ಯಾಕ ಹಂಗಾತು ಅನ್ನೋದು ಯಾವ ಪುಸ್ತಕದಾಗೂ ಇಲ್ಲ. ಅವರೂ ಹುಡುಕಬೇಕಂತ ಹೋಗಿದ್ರು, ಹಿಂಡು ದಾಟಿ ಹೋಗಿತ್ತು. ನನ್ನ ಕೆಲಸ ಆಗಿಹೋಗೈತಿ ಅಂತ ನೀವು ಬರೀರಿ. ಆದ್ರ ಉತ್ತರ ಯಾವುದು ಅಂತಾನೂ ಅದರ ಕೆಳಗ ಬರೀರಿ.”

ನನ್ನನ್ನು ಹೊರಗೆ ಕಳಿಸಿದರು. ಮತ್ತೆ ಬೆಂಚಿನ ಮೇಲೆ ಕೂತೆ. ಹೆಚ್ಚಾದ ಪ್ರತಿಗಳ ಮಾತೇ ಮರೆತುಹೋಗಿತ್ತು.

ಬಾಗಿಲು ತೆಗೆದು ಮೇಡಂ ಬಂದರು. ನಾನು ಮುಖ ನೋಡಿದೆ, ಅರ್ಥವಾಗಲಿಲ್ಲ.

“ಎರಡು ಹಂಗಾಮು ಕೊಟ್ಟಾರ್ರಿ ಸರ್. ಈ ವರ್ಷ ಮತ್ತ ಮುಂದಿನ ವರ್ಷ. ಒಂದು ಹಂಗಾಮು ತಪ್ಪಿದ್ರೂ ರದ್ದು.” ಅಷ್ಟು ಹೇಳಿ ಫಕ್ಕನೆ ನಿಂತರು. “ಸರ್! ಈ ವರ್ಷ ಅಂದ್ರ ಈಗ! ಗಿಡ ಸವರಿ ವಾರ ಆತು. ರದ್ದಾಗ್ತತಿ ಅಂತ ಅಪ್ಪಗ ಕುರಿ ಬ್ಯಾಡ ಅಂದುಬಿಟ್ಟೀನಿ.”

ವಿಶ್ವವಿದ್ಯಾಲಯದ ಗೇಟಿನ ಎದುರಿನ ಎಸ್‌ಟಿಡಿ ಬೂತಿಗೆ ಓಡಿದೆವು. ಅವರ ಊರಿನಲ್ಲಿ ಫೋನಿದ್ದದ್ದು ಕಿರಾಣಿ ಅಂಗಡಿಯಲ್ಲಿ. ಅಂಗಡಿಯವನು ಹೋಗಿ ಅವರ ತಂದೆಯನ್ನು ಕರೆತರುವವರೆಗೂ ಮೇಡಂ ಫೋನು ಇಡಲಿಲ್ಲ.

“ಅಪ್ಪಾ, ಬೀರಪ್ಪನ ಹಿಂಡು ಎಲ್ಲಿ ಐತಿ? ... ಯಾವಾಗ? ... ಮುಂಜಾನೆ ಎದ್ದು ಹೊಂಟ್ವಾ?” ಬೂತಿನ ಗಾಜಿನೊಳಗಿಂದ ಅವರ ದನಿ ರಸ್ತೆಗೆಲ್ಲ ಕೇಳುತ್ತಿತ್ತು. “ತಡೀ ಅಪ್ಪಾ, ಹೆಂಗರ ಮಾಡಿ ತಡೀ! ಸೈಕಲ್ ತಗೊಂಡು ಹೋಗು. ಏನ್ ಕೇಳ್ತಾನ ಕೊಡ್ತೀನಿ ಅನ್ನು. ಹೊಳಿ ದಾಟಿದ್ರ ನನ್ನ ಕಥಿ ಮುಗೀತು!”

ವಾಪಸ್ಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಕುರಿ ಕಂಡಲ್ಲೆಲ್ಲ ಎದ್ದು ನಿಂತು ನೋಡಿದರು. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಇಳಿಯಲಿಲ್ಲ, ಇಳಿಯಲು ಮನಸ್ಸಾಗಲಿಲ್ಲ. ಅವರ ಹಳ್ಳಿ ಮುಟ್ಟಿದಾಗ ಹೊತ್ತು ಮುಳುಗಲು ಬಂದಿತ್ತು. ಮನೆಯಲ್ಲಿ ತಂದೆ ಇರಲಿಲ್ಲ. ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ತೋಟದ ಹಾದಿಗೆ ಬಿದ್ದರು, ಹಿಂದೆ ನಾನು. ತೋಟ ಕಾಣುವ ಮೊದಲೇ ಧೂಳು ಕಂಡಿತು. ಆಮೇಲೆ ಬ್ಯಾ ಎಂಬ ಸದ್ದು, ಒಂದಲ್ಲ, ನೂರಾರು.

ಹಿಂಡು ತೋಟದ ಬೇಲಿಯ ಸಂದಿಯಲ್ಲಿ ಒಳಗೆ ಸುರಿಯುತ್ತಿತ್ತು. ತಂದೆ ಸೈಕಲ್ಲಿಗೆ ಒರಗಿ ಏದುಸಿರು ಬಿಡುತ್ತಿದ್ದರು. ಕಂಬಳಿ ಹೊದ್ದ ಬೀರಪ್ಪ, “ಏನ್ ತಂಗೀ, ಹೊಳಿ ನೀರು ಕುಡಿಯೋ ಕುರಿನ ಎಳಕೊಂಡು ಬಂದಿ,” ಎಂದು ನಕ್ಕ. ನನ್ನ ಜೀವ ಹಗುರಾಯಿತು. ಆಯಿತು, ಇನ್ನೇನು ಎಂದು ಬದುವಿನ ಮೇಲೆ ಕೂರಲು ಹೋದೆ.

“ಅಯ್ಯೋ, ಎಲ್ಲಾ ಕಡಿ ಬಿಡಬ್ಯಾಡ್ರೋ!” ಮೇಡಂ ಸೆರಗು ಸಿಕ್ಕಿಸಿಕೊಂಡು ಹಿಂಡಿನೊಳಗೆ ನುಗ್ಗಿದರು. “ಆ ನಾಲ್ಕು ಸಾಲಿಗೆ ಕುರಿ ಹೋಗಬಾರದು! ಕುರಿ ಬಿಡದ ಗಿಡಾನೂ ಬೇಕು, ಇಲ್ಲಾಂದ್ರ ಯಾವುದಕ್ಕ ಹೋಲಿಸಿ ನೋಡ್ಲಿ? ಅಪ್ಪಾ, ಈ ಕಡಿ ನಿಲ್ಲು! ಸರ್, ಹಂಗ್ಯಾಕ ನೋಡ್ತೀರಿ, ಆ ತುದಿ ಹಿಡೀರಿ, ನುಗ್ಗಾಕತ್ತಾವು!”

ಸಾಲಿನ ತುದಿಯಲ್ಲಿ ಕೊಂಬಿನ ಟಗರೊಂದು ನನ್ನನ್ನೇ ನೋಡುತ್ತ ನಿಂತಿತ್ತು, ಅದರ ಹಿಂದೆ ಹಿಂಡು. ಚೀಲವನ್ನು ಬೇಲಿಗೆ ಎಸೆದು, ಪ್ಯಾಂಟು ಮೊಣಕಾಲಿಗೆ ಮಡಿಸಿ, ಎರಡೂ ಕೈ ಅಗಲಿಸಿ ಸಾಲಿಗೆ ಅಡ್ಡ ನಿಂತೆ.